ಮೊದಲು ತೂಕ ಹೇಳಿ, ಆಮೇಲೆ ಬಣ್ಣ ತೋರಿಸಿ

ಇದು ಸ್ವಲ್ಪ ಖಾರದ ಬರಹ. ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ, ಹೇಳೋದನ್ನ ಹೇಳಿಬಿಡ್ತೀನಿ.

ಇಲ್ಲಿ ಅಮೆರಿಕದಲ್ಲಿ ನನಗೆ ಗೊತ್ತಿರೋ ಮೂರ್ನಾಲ್ಕು ಕನ್ನಡದವರ ಮನೆಗಳಲ್ಲಿ ಈಗ ಕಾರು ಗರಾಜಿನ ಹೊರಗೆ, ಪ್ಲೈವುಡ್ ಒಳಗೆ! ಎಲ್ಲರೂ ಕ್ಯಾಂಪಿಂಗಿಗೆ ಅಂತ ಸ್ವಂತ ಕೈಯಲ್ಲಿ ಪುಟ್ಟ ಟ್ರೇಲರ್ ಕಟ್ಟೋಕೆ ಹೊರಟಿದ್ದಾರೆ. ಸಂತೋಷ. ನಾನೂ ಅದೇ ಕೆಲಸದಲ್ಲಿದ್ದೀನಿ. ಆದ್ರೆ ಯಾರ ಮನೆಗೆ ಹೋದ್ರೂ ಮೊದಲು ತೋರಿಸೋದು ಏನು ಗೊತ್ತಾ? ಹೊರಗೆ ಬಳಿಯೋ ಬಣ್ಣ, ಕಿಟಕಿಯ ಪರದೆ, ಒಳಗೆ ಹಾಕೋ ದೀಪದ ಸರ. "ಒಟ್ಟು ತೂಕ ಎಷ್ಟು ಬರುತ್ತೆ ಸಾರ್?" ಅಂತ ಕೇಳಿದ್ರೆ, "ಅಯ್ಯೋ, ಅದು ಕಟ್ಟಿದ ಮೇಲೆ ಗೊತ್ತಾಗುತ್ತೆ ಬಿಡಿ" ಅಂತಾರೆ.

ನನ್ನ ಜಗಳ ಇರೋದು ಈ "ಕಟ್ಟಿದ ಮೇಲೆ ಗೊತ್ತಾಗುತ್ತೆ" ಅನ್ನೋ ಮಾತಿನ ಜೊತೆ. ಕಟ್ಟಿದ ಮೇಲೆ ಗೊತ್ತಾದ್ರೆ ಏನು ಮಾಡ್ತೀರಿ ಸ್ವಾಮಿ? ಅಷ್ಟೊತ್ತಿಗೆ ಗೋಡೆ ಅಂಟಿಸಿ ಆಗಿರುತ್ತೆ, ಅಚ್ಚು ಕೂರಿಸಿ ಆಗಿರುತ್ತೆ, ರಜೆಗೆ ಜಾಗ ಬುಕ್ ಮಾಡಿ ಆಗಿರುತ್ತೆ. ಆಗ ಯಾರೂ ಬಿಚ್ಚಲ್ಲ. ಹಾಗೇ ಎಳ್ಕೊಂಡು ಹೆದ್ದಾರಿಗೆ ಇಳೀತಾರೆ.

ಗೊತ್ತಿಲ್ಲದವರಿಗೆ ಇದೇನು ಅಂತ ಎರಡು ಮಾತು. ಇದಕ್ಕೆ ಇಲ್ಲಿ ಟಿಯರ್‌ಡ್ರಾಪ್ ಅಂತಾರೆ. ಪಕ್ಕದಿಂದ ನೋಡಿದ್ರೆ ಕಣ್ಣೀರ ಹನಿ ಮಲಗಿಸಿದ ಹಾಗೆ ಇರುತ್ತೆ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಅಷ್ಟೇ. ಹಿಂದಿನ ಮುಚ್ಚಳ ಎತ್ತಿದ್ರೆ ಅಡುಗೆ ಕಟ್ಟೆ. ಅಡುಗೆ ಮಾಡೋರು ನೆಲದ ಮೇಲೆ, ಬಯಲಲ್ಲೇ ನಿಂತ್ಕೋಬೇಕು. 1930ರ ದಶಕದಿಂದಲೇ ಅಮೆರಿಕದ ಜನ ಇದನ್ನ ಮನೆಯಲ್ಲಿ ಕಟ್ಟಿಕೊಂಡು ಬಂದಿದ್ದಾರೆ. 1947ರ ಸೆಪ್ಟೆಂಬರ್ ತಿಂಗಳ ಮೆಕಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಬಂದ ನಕ್ಷೆಯನ್ನ ಇವತ್ತಿಗೂ ಜನ ಹುಡುಕಿ ತೆಗೀತಾರೆ. ಸಾಮಾನ್ಯವಾಗಿ 4 ಅಡಿ ಅಗಲ, 8 ಅಡಿ ಉದ್ದ. ಯಾಕಂದ್ರೆ ಒಂದು ಪ್ಲೈವುಡ್ ಹಾಳೆಯ ಅಳತೆಯೇ ಅಷ್ಟು. ವ್ಯರ್ಥ ಆಗೋದು ಕಮ್ಮಿ, ಕಾರಿನ ಬೆನ್ನ ಹಿಂದೆ ಗಾಳಿಗೆ ಸಿಗದೆ ಅಡಗಿಕೊಂಡು ಬರುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಊರಲ್ಲಿ ಎತ್ತಿನ ಗಾಡಿಗೆ ಹುಲ್ಲು ತುಂಬೋದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಗಾಡಿ ಹಿಂಭಾರ ಆದ್ರೆ ಮೂಕಿ ಮೇಲಕ್ಕೇಳುತ್ತೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರ ಜಾಸ್ತಿ ಆದ್ರೆ ನೊಗ ಹೆಗಲನ್ನ ಹುಣ್ಣು ಮಾಡುತ್ತೆ. ಅದಕ್ಕೇ ಗಾಡಿ ಹೊಡೆಯೋನು ಏರು ಬಂದ್ರೆ ಮುಂದಕ್ಕೆ ಸರಿದು ಕೂರ್ತಾನೆ. ಆತ ಯಾವ ಕಾಲೇಜಿಗೂ ಹೋಗಿಲ್ಲ. ನಾವು ಇಂಜಿನಿಯರಿಂಗ್ ಓದಿ ವಿಮಾನ ಹತ್ತಿ ಬಂದವರು, ಆ ಒಂದು ಪಾಠ ಮರೆತು ಪರದೆಯ ಬಟ್ಟೆ ಆರಿಸ್ತಾ ಕೂತಿದ್ದೀವಿ :-)

ಕಾರಿನ ಹಿಂದಿನ ಟ್ರೇಲರ್‌ಗೂ ಅದೇ ನ್ಯಾಯ. ಟ್ರೇಲರಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಹಾಕೋ ಭಾರಕ್ಕೆ ಇಂಗ್ಲಿಷಿನಲ್ಲಿ ಟಂಗ್ ವೆಯ್ಟ್ ಅಂತಾರೆ. ನಾನು ಮೂಕಿಭಾರ ಅಂತ ಕರೀತೀನಿ. ಇದು ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರಬೇಕು. ಅದಕ್ಕಿಂತ ಕಮ್ಮಿ ಆದ್ರೆ ವೇಗದಲ್ಲಿ ಟ್ರೇಲರ್ ಹಾವಿನ ಬಾಲದ ಹಾಗೆ ಅತ್ತಿಂದಿತ್ತ ತೂಗೋಕೆ ಶುರು ಮಾಡುತ್ತೆ. ಗಾಬರಿಯಲ್ಲಿ ಕಾರಿನ ಬ್ರೇಕ್ ಒತ್ತಿದ್ರೆ ಇನ್ನೂ ಕೆಡುತ್ತೆ. ಕೊನೆಗೆ ಕಾರನ್ನೂ ಎಳೆದು ಮಗುಚುತ್ತೆ. ಅದರಲ್ಲಿ ಇರೋದು ನಿಮ್ಮ ಹೆಂಡ್ತಿ ಮಕ್ಕಳು. ಪಕ್ಕದ ಲೇನಿನಲ್ಲಿ ಇರೋದು ನಿಮ್ಮ ಟ್ರೇಲರಿಗೂ ತನಗೂ ಏನೂ ಸಂಬಂಧ ಇಲ್ಲದ ಇನ್ಯಾರೋ.

"ಗರಾಜಿನಲ್ಲಿ ಬಚ್ಚಲುಮನೆಯ ತೂಕದ ಮಿಷನ್ ಇಟ್ಟು ನೋಡಿದ್ದೀನಿ, ಸರಿಯಾಗಿದೆ" ಅಂತ ಒಬ್ಬರು ವಾದ ಮಾಡಿದ್ರು. ನನ್ನ ನಕ್ಷೆಯದ್ದೇ ಲೆಕ್ಕ ಕೊಡ್ತೀನಿ, ನೋಡಿ. ಖಾಲಿ ಟ್ರೇಲರ್ 850 ಪೌಂಡ್, ಮೂಕಿಭಾರ 130. ಅಂದ್ರೆ 15 ಪರ್ಸೆಂಟ್, ಬಹಳ ಚೆಂದ! ಈಗ ಸಾಮಾನು ತುಂಬೋಣ, ಒಟ್ಟು 300 ಪೌಂಡ್. ನೀರು, ಐಸ್ ಪೆಟ್ಟಿಗೆ, ಒಲೆ, ಪಾತ್ರೆ, ಅಕ್ಕಿ ಬೇಳೆ ಎಲ್ಲಾ ಸೇರಿ 150 ಪೌಂಡ್ ಹಿಂದಿನ ಅಡುಗೆ ಕಟ್ಟೆಗೆ. ಉಳಿದ 150 ಸರಿಯಾಗಿ ಅಚ್ಚಿನ ಮೇಲೆ. ಅಡುಗೆ ಕಟ್ಟೆ ಅಚ್ಚಿಗಿಂತ 3 ಅಡಿ ಹಿಂದೆ, ಕೊಕ್ಕೆ 9 ಅಡಿ ಮುಂದೆ. ಸ್ಕೂಲಲ್ಲಿ ಕಲಿತ ಸನ್ನೆಕೋಲಿನ ಲೆಕ್ಕ: 150ನ್ನ 3ರಿಂದ ಗುಣಿಸಿ 9ರಿಂದ ಭಾಗಿಸಿದ್ರೆ 50. ಮೂಕಿಭಾರ 130ರಿಂದ 80ಕ್ಕೆ ಇಳೀತು. ಒಟ್ಟು ತೂಕ 1,150ಕ್ಕೆ ಏರ್ತು. 7 ಪರ್ಸೆಂಟ್! ಖಾಲಿ ಇದ್ದಾಗ ಸಾಧು, ತುಂಬಿಸಿದಾಗ ರಾಕ್ಷಸ.

ಟಿಯರ್‌ಡ್ರಾಪಿನ ಹುಟ್ಟುಗುಣವೇ ಇದು, ಅಡುಗೆಮನೆ ಹಿಂದೆ. ಪರಿಹಾರ ಇದೆ, ಆದ್ರೆ ಅದು ಕಾಗದದ ಮೇಲೆ ಮಾತ್ರ ಅಗ್ಗ. ನನ್ನ ನಕ್ಷೆಯಲ್ಲಿ ಅಚ್ಚಿನ ಮೇಲಿನ ಆ 150ರಲ್ಲಿ 60 ಪೌಂಡಿನ ಬ್ಯಾಟರಿಯನ್ನ ತೆಗೆದು ಮುಂದೆ, ಅಚ್ಚಿನಿಂದ 8 ಅಡಿ ದೂರದ ಪೆಟ್ಟಿಗೆಯಲ್ಲಿ ಇಟ್ಟೆ. 53 ಪೌಂಡ್ ವಾಪಸ್ ಬಂತು. ಮೂಕಿಭಾರ 133, ಹತ್ತಿರ ಹತ್ತಿರ 12 ಪರ್ಸೆಂಟ್. ಖರ್ಚು ಒಂದು ರಬ್ಬರು, ಒಂದು ಪೆನ್ಸಿಲ್ಲು. ಕಟ್ಟಿದ ಮೇಲೆ ಇದನ್ನೇ ಮಾಡಬೇಕು ಅಂದ್ರೆ ವೈರು ಕೀಳಬೇಕು, ಇಲ್ಲಾ ಅಚ್ಚು ಬಿಚ್ಚಬೇಕು.

"ನಮ್ ಕಾರು ಎಳೆಯುತ್ತೆ ಬಿಡಿ" ಅನ್ನೋರಿಗೆ ಒಂದೇ ಮಾತು: ಕಾರಿನ ಜೊತೆ ಬಂದ ಪುಸ್ತಕ ತೆಗೀರಿ. ಇಲ್ಲಿ ಮಾರೋ ಎಷ್ಟೋ ಸಣ್ಣ ಎಸ್‌ಯುವಿಗಳ ಮಿತಿ 1,500 ಪೌಂಡ್, ಮೂಕಿಭಾರದ ಮಿತಿ 150. ಕೆಲವು ಕಾರುಗಳಿಗೆ ಟ್ರೇಲರ್ ಕಟ್ಟಲೇಬೇಡಿ ಅಂತ ಬರೆದಿರುತ್ತೆ. ಕೊಕ್ಕೆ ಗಟ್ಟಿ ಇದ್ದ ಮಾತ್ರಕ್ಕೆ ಕಾರಿನ ಮಿತಿ ಏರಲ್ಲ.

ಇನ್ನು ಆಸೆಗಳ ಪಟ್ಟಿ. "ಒಳಗೆ ನಿಲ್ಲೋ ಹಾಗಿರಬೇಕು", "ಒಂದು ಸಣ್ಣ ಟಾಯ್ಲೆಟ್", "20 ಗ್ಯಾಲನ್ ನೀರಿನ ಟ್ಯಾಂಕ್". ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್. ನಿಮ್ಮ ಟ್ಯಾಂಕ್ ತುಂಬಿದ್ರೆ ನೀರೇ 167 ಪೌಂಡ್, ಒಬ್ಬ ದೊಡ್ಡ ಮನುಷ್ಯನನ್ನ ಹೇರಿಕೊಂಡ ಹಾಗೆ! ಮುಕ್ಕಾಲು ಇಂಚಿನ ಪ್ಲೈವುಡ್ ಹಾಳೆ ಒಂದೊಂದೂ 60-70 ಪೌಂಡ್ ತೂಗುತ್ತೆ, ಕಾಲು ಇಂಚಿನದು 20-25. "ಗಟ್ಟಿ ಇರಲಿ" ಅಂತ ಎಲ್ಲಾ ಕಡೆ ದಪ್ಪದ್ದೇ ಹಾಕೋರು ಟ್ರೇಲರ್ ಕಟ್ಟುತ್ತಿಲ್ಲ, ಕಣಜ ಕಟ್ಟುತ್ತಿದ್ದಾರೆ. ಸಣ್ಣ ಟ್ರೇಲರಿನ ವಿನ್ಯಾಸ ಅಂದ್ರೆ ಏನೇನು ಬೇಡ ಅಂತ ತೀರ್ಮಾನ ಮಾಡೋದು. ಅಡುಗೆಯನ್ನ ಹೊರಗೇ ಮಾಡೋದ್ರಲ್ಲಿ ಒಂದು ದೊಡ್ಡ ಲಾಭವೂ ಇದೆ. ಮುಚ್ಚಿದ ಪುಟ್ಟ ಗೂಡಿನಲ್ಲಿ ಗ್ಯಾಸ್ ಒಲೆ ಉರಿಸಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಒಲೆ ಇಲ್ಲದಿದ್ರೂ ಗಾಳಿ ಬರೋಕೆ ಒಂದು, ಹೋಗೋಕೆ ಒಂದು, ಎರಡು ಕಿಂಡಿ ನಕ್ಷೆಯಲ್ಲೇ ಇರಬೇಕು.

ಮರ ಕತ್ತರಿಸೋಕೆ ಮೊದಲು ನಿಮ್ಮ ರಾಜ್ಯದ ಕಾನೂನನ್ನೂ ಓದಿ. ಮನೆಯಲ್ಲಿ ಕಟ್ಟಿದ ಟ್ರೇಲರಿನ ನೋಂದಣಿ, ದೀಪ, ಸರಪಳಿ, ಎಲ್ಲಕ್ಕೂ ನಿಯಮ ಇದೆ. ಬ್ರೇಕ್ ಕಡ್ಡಾಯ ಆಗೋ ತೂಕ ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್, ಬಹಳಷ್ಟು ರಾಜ್ಯಗಳಲ್ಲಿ 3,000. ಅಂದ್ರೆ ಕಾನೂನು ಕೇಳೋ ಮೊದಲ ಪ್ರಶ್ನೆಯೂ ತೂಕದ್ದೇ.

"ಹವ್ಯಾಸಕ್ಕೆ ಮಾಡ್ತಿರೋದು ರೀ, ಇಷ್ಟೆಲ್ಲಾ ಲೆಕ್ಕ ಹಾಕಿದ್ರೆ ಖುಷಿ ಎಲ್ಲಿರುತ್ತೆ?" ಅಂತೀರಾ? ಇದೊಂದು ವಾದ ಕೇಳಿದ್ರೆ ನನಗೆ ಮೈ ಉರಿಯುತ್ತೆ. ಕವನ ಬರೆಯೋದು ಹವ್ಯಾಸ. ಕೆಟ್ಟ ಕವನದಿಂದ ಯಾರೂ ಸಾಯಲ್ಲ (ನಮ್ಮ ಬ್ಲಾಗುಗಳೇ ಸಾಕ್ಷಿ!). ಗಂಟೆಗೆ 60 ಮೈಲಿಯಲ್ಲಿ ಓಡೋ ಅರ್ಧ ಟನ್ ಪೆಟ್ಟಿಗೆ ರಸ್ತೆಗೆ ಇಳಿದ ಮೇಲೆ ನಿಮ್ಮ ಸ್ವಂತ ವಿಷಯ ಅಲ್ಲ. ಅದೂ ಅಲ್ಲದೆ, ಲೆಕ್ಕದಲ್ಲಿ ಖುಷಿ ಇಲ್ಲ ಅಂದೋರು ಯಾರು? ಪ್ರತಿ ಸಾಮಾನನ್ನೂ ತೂಗಿ, ಎಲ್ಲಿ ಇಡೋದು ಅಂತ ಯೋಚಿಸೋ ಸಂಜೆಗಳಲ್ಲೇ ನನ್ನ ಟ್ರೇಲರಿನಲ್ಲಿ ನಾನು ಹತ್ತು ಸಲ ಪ್ರವಾಸ ಹೋಗಿ ಬಂದಿದ್ದೀನಿ.

ಹಾಗಾಗಿ ಒಂದು ಬೇಡಿಕೆ. ಟ್ರೇಲರ್ ಕಟ್ಟೋ ಗೆಳೆಯರು ಫೋಟೋ ಹಾಕುವಾಗ ಜೊತೆಗೆ ಒಂದು ಪಟ್ಟಿಯನ್ನೂ ಹಾಕಿ: ಯಾವ ಸಾಮಾನು, ಎಷ್ಟು ತೂಕ, ಅಚ್ಚಿನಿಂದ ಎಷ್ಟು ದೂರ. ಕಟ್ಟಿ ಮುಗಿಸಿ, ಎಲ್ಲಾ ತುಂಬಿಸಿ, ಲಾರಿ ತೂಗೋ ಕಡೆ ಹೋಗಿ ತೂಗಿಸಿ, ಆ ಸಂಖ್ಯೆಯನ್ನೂ ಬರೀರಿ. ಆ ಪಟ್ಟಿ ಇಲ್ಲದ ಟ್ರೇಲರನ್ನ "ಸೂಪರ್ ಸಾರ್" ಅಂತ ಹೊಗಳೋದನ್ನ ನಾನಂತೂ ನಿಲ್ಲಿಸಿದ್ದೀನಿ. ನೀವೇನಂತೀರಿ?