ಕೆಲಸವೇನೆಂದು ಹೇಳದ ಸಂದರ್ಶನ

"ಕಚೇರಿ ಕೆಲಸಕ್ಕೆ ಪದವೀಧರರು ಬೇಕಾಗಿದ್ದಾರೆ. ಪ್ರಾಮಾಣಿಕರೂ ಚುರುಕಾದವರೂ ಮೂಲ ಪ್ರಮಾಣಪತ್ರಗಳೊಂದಿಗೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಖುದ್ದಾಗಿ ಬರತಕ್ಕದ್ದು. ಸಂಬಳ ಯೋಗ್ಯತೆಗೆ ತಕ್ಕಂತೆ." ಈ ಬಗೆಯ ಪ್ರಕಟಣೆ ವ್ಯಾಪಾರಿಗಳ ಮಳಿಗೆಗಳಿಂದ ಹೊರಡುವಂತೆಯೇ ಶಾಲೆ, ವಸತಿನಿಲಯ, ಕಲ್ಯಾಣಮಂಟಪಗಳನ್ನು ನಡೆಸುವ ಟ್ರಸ್ಟುಗಳಿಂದಲೂ ಹೊರಡುತ್ತದೆ. ಹಿಂದೆ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತಿದ್ದುದು ಈಗ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಒಕ್ಕಣೆ ಮಾತ್ರ ಬದಲಾಗಿಲ್ಲ. ಬರುವವರಲ್ಲಿ ಏನೇನು ಗುಣವಿರಬೇಕೆಂಬುದು ಅದರಲ್ಲಿದೆ. ಅವರಿಗೆ ಕೊಡುವ ಕೆಲಸ ಯಾವುದೆಂಬುದು ಇಲ್ಲ.

ಇಂಥ ಕರೆ ಬಂದ ಮನೆಯಲ್ಲಿ ಏನಾಗುತ್ತದೆ? ಬಿ.ಕಾಂ. ಮುಗಿಸಿದ ಮಗಳು ಯಾವುದಕ್ಕೆಂದು ಸಿದ್ಧಳಾಗಬೇಕು? ಲೆಕ್ಕಪತ್ರದ ಕೆಲಸವಾದರೆ ಟ್ಯಾಲಿ, ಜಿ.ಎಸ್.ಟಿ., ಟಿ.ಡಿ.ಎಸ್.ಗಳನ್ನು ತಿರುವಿಹಾಕಬೇಕು. ಪತ್ರವ್ಯವಹಾರವಾದರೆ ಇಂಗ್ಲಿಷನ್ನು ತಿದ್ದಿಕೊಳ್ಳಬೇಕು. ವಸತಿನಿಲಯದ ಮೇಲ್ವಿಚಾರಣೆಯಾದರೆ ರಾತ್ರಿ ಅಲ್ಲಿಯೇ ಉಳಿಯಬೇಕಾದೀತು. ಅದಕ್ಕೆ ಮನೆಯವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಯಾವುದೂ ತಿಳಿಯದೆ ಅವಳು ಕುಳಿತಿರುವಾಗ ಹಿರಿಯರಿಂದ ಬರುವ ಉಪದೇಶ ಒಂದೇ: "ಹೋಗಿ ಬಾರವ್ವಾ, ಏನು ಕೇಳಿದರೂ ಆಗ್ತದ ಅನ್ನು. ಎಲ್ಲಾ ನಮ್ಮವರೇ ಇದ್ದಾರ."

ಉಪದೇಶ ಪ್ರೀತಿಯಿಂದ ಬಂದದ್ದೇ ಸರಿ. ಆದರೆ ಅದನ್ನು ಬಿಡಿಸಿ ನೋಡಿದರೆ, ಅರಿಯದ ಕೆಲಸವನ್ನು ಅರಿತಿರುವುದಾಗಿ ಹೇಳೆಂದೇ ಅರ್ಥವಾಗುತ್ತದೆ. ಪಾಠಶಾಲೆಯಲ್ಲಿ ಸತ್ಯಾಣುವ್ರತವನ್ನು ಕಲಿಸಿ, ಮೊದಲ ಉದ್ಯೋಗದ ಹೊಸ್ತಿಲಲ್ಲಿಯೇ ಅದನ್ನು ಬಿಡಿಸುವ ಪರಿಯಿದು. ದೋಷ ಮಗಳದಲ್ಲ, ಮನೆಯವರದೂ ಪೂರ್ತಿಯಲ್ಲ. ಹೇಳಬೇಕಾದುದನ್ನು ಹೇಳದೆ ಪರೀಕ್ಷಿಸಲು ಕುಳಿತವರದೇ ಮುಖ್ಯ ದೋಷ.

ಮೇಜಿನ ಆಚೆಯ ಸ್ಥಿತಿಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅನೇಕ ವೇಳೆ ಅಲ್ಲಿ ಗುಟ್ಟೇನೂ ಇರುವುದಿಲ್ಲ, ನಿರ್ಧಾರವೇ ಆಗಿರುವುದಿಲ್ಲ. ಅಧ್ಯಕ್ಷರಿಗೆ ಬೇಕಾದವರು ಸರ್ಕಾರಿ ಕಚೇರಿಗಳಿಗೆ ಪತ್ರ ಬರೆಯಬಲ್ಲವರು. ಕಾರ್ಯದರ್ಶಿಗಳಿಗೆ ಬೇಕಾದವರು ಮಕ್ಕಳ ಊಟೋಪಚಾರ ನೋಡಿಕೊಳ್ಳುವವರು. ಖಜಾಂಚಿಗಳಿಗೆ ಬೇಕಾದವರು ಲೆಕ್ಕ ಪರಿಶೋಧಕರ ಆಕ್ಷೇಪಣೆಗಳಿಗೆ ಸಮಜಾಯಿಷಿ ಸಿದ್ಧಪಡಿಸುವವರು. ಮೂವರೂ ಒಂದು ಸಂಜೆ ಕುಳಿತು ಮಾತನಾಡಿದ್ದರೆ ಮುಗಿಯುತ್ತಿದ್ದ ವಿಷಯವಿದು. ಆ ಒಂದು ಸಂಜೆಯನ್ನು ಉಳಿಸಲು ಹತ್ತು ಅಭ್ಯರ್ಥಿಗಳ ಹತ್ತು ದಿನಗಳನ್ನು ವ್ಯಯಮಾಡುತ್ತಾರೆ. ಅಥಣಿಯಿಂದಲೋ ಚಿಕ್ಕೋಡಿಯಿಂದಲೋ ನಸುಕಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದವನ ಎದುರಿನಲ್ಲಿಯೇ ಪದಾಧಿಕಾರಿಗಳು ತಮ್ಮತಮ್ಮೊಳಗೆ ಚರ್ಚಿಸತೊಡಗುತ್ತಾರೆ. ಕೆಲಸದ ವಿಷಯವಾಗಿ ಕೇಳಲು ಏನೂ ಇಲ್ಲವಾದ್ದರಿಂದ ಬೇರೆ ಪ್ರಶ್ನೆಗಳು ಬರುತ್ತವೆ. ಯಾವ ಊರು? ತಂದೆಯವರು ಏನು ಮಾಡುತ್ತಾರೆ? ಇಂಥವರು ನಿಮಗೆ ಏನಾಗಬೇಕು? ಹೆಣ್ಣುಮಗಳಾದರೆ ಮದುವೆಯ ಪ್ರಶ್ನೆ ಬೇರೆ.

ಈ ಬಗೆಯ ಮಾತುಕತೆಯಿಂದ ಮನುಷ್ಯನನ್ನು ಅಳೆಯಬಲ್ಲೆವೆಂಬ ಭ್ರಮೆ ಹಿರಿಯ ವ್ಯಾಪಾರಿಗಳಲ್ಲಿ ಬಲವಾಗಿದೆ. "ಮುಖ ನೋಡಿದರೆ ತಿಳಿಯುತ್ತದೆ" ಎನ್ನುವವರು ಅಂಕಿಗಳನ್ನೂ ಸ್ವಲ್ಪ ನೋಡುವುದು ಒಳ್ಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಶ್ಮಿಟ್ ಮತ್ತು ಹಂಟರ್ ಅವರು ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಂದರ್ಶನದ ಅಂದಾಜಿಗೂ ಮುಂದೆ ಕಂಡ ಕೆಲಸಕ್ಕೂ ಇರುವ ಸಂಬಂಧವನ್ನು ಲೆಕ್ಕಹಾಕಿದರು. ಸಂಬಂಧವೇ ಇಲ್ಲದಿದ್ದರೆ ಸೊನ್ನೆ, ಪೂರ್ಣವಾಗಿದ್ದರೆ ಒಂದು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನಿಟ್ಟು, ಒಂದೇ ಅಳತೆಯಲ್ಲಿ ಅಂಕ ಕೊಡುವ ಕ್ರಮಬದ್ಧ ಸಂದರ್ಶನಕ್ಕೆ 0.51, ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕೆ 0.38 ಬಂದಿತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮರುಪರಿಶೀಲಿಸಿದಾಗ ಎರಡೂ ಇಳಿದವು. ಮೊದಲನೆಯದು 0.42ಕ್ಕೆ ನಿಂತಿತು, ಎರಡನೆಯದು 0.19ಕ್ಕೆ ಕುಸಿಯಿತು. ಕ್ರಮಬದ್ಧವಾದ ಪ್ರಶ್ನೆಗಳನ್ನು ರಚಿಸಬೇಕಾದರೆ ಕೆಲಸವೇನೆಂಬುದು ಮೊದಲು ಗೊತ್ತಿರಬೇಕಷ್ಟೆ. ಕೆಲಸವೇ ಗೊತ್ತಿಲ್ಲದವರು ಆರಿಸಿಕೊಳ್ಳುವುದು ಮಾತಿನ ನಯವನ್ನೋ ಮನೆತನವನ್ನೋ ಆದೀತು.

ಆಗಮವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣಬೇಕಾಗಿಲ್ಲ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಹೀನಾಧಿಕ ಮಾನೋನ್ಮಾನವನ್ನು, ಎಂದರೆ ಕೊಳ್ಳುವಾಗ ಒಂದು ತೂಕ ಕೊಡುವಾಗ ಇನ್ನೊಂದು ತೂಕ ಬಳಸುವುದನ್ನು, ಹೇಳಿದೆ. ಅಭ್ಯರ್ಥಿಯ ಅಂಕಪಟ್ಟಿಯನ್ನು ಮೂಲಪ್ರತಿಯಲ್ಲಿಯೇ ತೋರಿಸಬೇಕೆನ್ನುವವರು ತಮ್ಮ ಹುದ್ದೆಯ ವಿವರವನ್ನು ನಕಲಿನಲ್ಲಿಯೂ ತೋರಿಸದಿರುವುದು ಎರಡು ತೂಕವಲ್ಲದೆ ಇನ್ನೇನು? ಅದೇ ಅಧ್ಯಾಯ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಸೇರಿಸಿದೆ. ಎತ್ತಿನ ಮೇಲೆ ಹೊರೆ ಹೆಚ್ಚಾಯಿತೆಂದು ಮರುಗುವ ಶ್ರಾವಕರು ಗುಮಾಸ್ತನ ಹೊರೆಯನ್ನು ಎಣಿಸುವುದಿಲ್ಲ. ಮಿತಿ ಹೇಳದ ಹುದ್ದೆಗೆ ಹೊರೆಯ ಮಿತಿಯೂ ಇರುವುದಿಲ್ಲ. ಲೆಕ್ಕ ಬರೆಯಲು ಸೇರಿದವನು ಪಂಚಕಲ್ಯಾಣದ ಸಮಯದಲ್ಲಿ ಪೆಂಡಾಲಿನ ಉಸ್ತುವಾರಿಗೂ, ಉಳಿದ ದಿನಗಳಲ್ಲಿ ಅಧ್ಯಕ್ಷರ ಮನೆಯ ಬ್ಯಾಂಕಿನ ಕೆಲಸಕ್ಕೂ ಓಡಾಡುತ್ತಾನೆ. ಕೇಳಿದರೆ ಸೇವಾಭಾವವಿಲ್ಲವೆಂಬ ಅಪವಾದ! ಸಂಬಳದವನಿಂದ ಸೇವಾಭಾವವನ್ನು ಕೇಳುವವರು ಅದನ್ನು ಸಂಬಳ ಗೊತ್ತುಮಾಡುವ ಮೊದಲೇ ಹೇಳಿಬಿಟ್ಟರೆ ವ್ಯವಹಾರ ನೇರವಾಗುತ್ತದೆ.

ಕಾನೂನಿನ ಮಾತೂ ಇದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 6-ಎ ಪ್ರಕರಣದಂತೆ ಹೆಸರು, ಹುದ್ದೆ, ವೇತನ ಮತ್ತು ಷರತ್ತುಗಳನ್ನು ನಮೂದಿಸಿದ ನೇಮಕಾತಿ ಆದೇಶವನ್ನು 30 ದಿನಗಳೊಳಗೆ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯೂ ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಿಗೆ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿದೆ. ನೇಮಕದ ನಂತರ ಹೇಗೂ ಬರೆಯಲೇಬೇಕಾದುದನ್ನು ಮೊದಲೇ ಬರೆದರೆ ಆಗುವ ನಷ್ಟವೇನು?

ಅನೇಕಾಂತವನ್ನು ಮುಂದೆ ಮಾಡಿ ಜಾರಿಕೊಳ್ಳುವವರೂ ಉಂಟು. "ಕೆಲಸಕ್ಕೆ ಹಲವು ಮುಖಗಳಿವೆ, ಒಂದೇ ಮಾತಿನಲ್ಲಿ ಹೇಳಲಾಗದು" ಎಂಬುದು ಅವರ ವಾದ. ಸ್ಯಾದ್ವಾದ ಅನಿಶ್ಚಯದ ವಾದವಲ್ಲ. ಯಾವ ನಯದಿಂದ ಹೇಳುತ್ತಿದ್ದೇನೆಂಬುದನ್ನು ಸ್ಪಷ್ಟಪಡಿಸಿ ಹೇಳಬೇಕೆಂಬ ಶಿಸ್ತು ಅದು. ಹಲವು ಮುಖಗಳಿದ್ದರೆ ಆ ಹಲವನ್ನೂ ಹೇಳಬೇಕಾಗುತ್ತದೆ.

ಅಲ್ಲಿಯವರೆಗೆ ಅಭ್ಯರ್ಥಿಯು ಏನು ಮಾಡಬೇಕು? ಸಿದ್ಧತೆಯೆಂದರೆ ಉತ್ತರಗಳನ್ನು ಉರುಹೊಡೆಯುವುದೆಂಬ ಕಲ್ಪನೆಯನ್ನು ಮೊದಲು ಬಿಡಬೇಕು. ಕರೆ ಬಂದ ದಿನವೇ ಎರಡು ಸಾಲು ಬರೆದು ಕೇಳಬಹುದು: ಹುದ್ದೆಯ ಮುಖ್ಯ ಕೆಲಸವೇನು, ಯಾರ ಕೈಕೆಳಗೆ? ಇದರಲ್ಲಿ ಉದ್ಧಟತನವೇನೂ ಇಲ್ಲ. ಉತ್ತರ ಬಂದರೆ ದಾರಿ ಸುಗಮ. ಬಾರದಿದ್ದರೆ ಅದೂ ಒಂದು ಮಾಹಿತಿಯೇ. ಮಳಿಗೆಯಾದರೆ ಅದರ ಜಿ.ಎಸ್.ಟಿ. ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ನೋಡಿದರೆ ವ್ಯವಹಾರದ ಸ್ವರೂಪ, ಒಡೆತನದ ಬಗೆ, ನೋಂದಣಿಯ ದಿನಾಂಕ ತಿಳಿಯುತ್ತವೆ. ಕಂಪನಿಯಾದರೆ ವಾರ್ಷಿಕ ಲೆಕ್ಕಪತ್ರಗಳು ಶುಲ್ಕ ಕೊಟ್ಟವರಿಗೆ ದೊರೆಯುತ್ತವೆ. ಟ್ರಸ್ಟಾದರೆ ಆ ಊರಿನ ಒಬ್ಬ ಹಿರಿಯರನ್ನು ವಿಚಾರಿಸಬಹುದು. ಶಿಫಾರಸಿಗಾಗಿ ಅಲ್ಲ, ಸಂಸ್ಥೆ ಏನೇನು ನಡೆಸುತ್ತದೆಂಬ ವಿವರಕ್ಕಾಗಿ. ತಾನು ನಿಜವಾಗಿ ಮಾಡಿದ ಎರಡು ಮೂರು ಕೆಲಸಗಳನ್ನು ಅಂಕಿಗಳ ಸಮೇತ ನೆನಪಿಗೆ ತಂದುಕೊಳ್ಳಬೇಕು; ಹುದ್ದೆ ಯಾವುದೇ ಆಗಲಿ, ಆ ಸಾಕ್ಷ್ಯ ಒದಗುತ್ತದೆ. ಒಳಗೆ ಹೋದ ಮೇಲೆ ಸಮಯ ನೋಡಿ ಮೂರು ಪ್ರಶ್ನೆ ಕೇಳಬೇಕು. ಈ ಜಾಗದಲ್ಲಿ ಮೊದಲು ಯಾರಿದ್ದರು, ಏಕೆ ಬಿಟ್ಟರು? ಮೊದಲ ಆರು ತಿಂಗಳಲ್ಲಿ ಆಗಲೇಬೇಕಾದ ಕೆಲಸ ಯಾವುದು? ಇಬ್ಬರು ಪದಾಧಿಕಾರಿಗಳು ಭಿನ್ನವಾಗಿ ಹೇಳಿದರೆ ಯಾರ ಮಾತು ನಡೆಯಬೇಕು? ಈ ಕೊನೆಯ ಪ್ರಶ್ನೆಗೆ ಕೋಣೆಯಲ್ಲಿ ಮೌನ ಕವಿದರೆ ಮಗಳು ಮನೆಗೆ ಬಂದು ಯೋಚಿಸಲಿ. ಗೊತ್ತಿಲ್ಲದ್ದನ್ನು ಕೇಳಿದಾಗ "ಇದುವರೆಗೆ ಮಾಡಿಲ್ಲ, ಕಲಿಯಬಲ್ಲೆ" ಎನ್ನುವುದು ಸಾಕು.

ಹೊಸ ಶಾಲೆಯನ್ನು ಆರಂಭಿಸುವ ಟ್ರಸ್ಟಿಗೆ ಹುದ್ದೆಯ ಸ್ವರೂಪ ನಿಜವಾಗಿಯೂ ತಿಳಿಯದಿರಬಹುದು. ಅಂಥವರು ಹಾಗೆಂದೇ ಬರೆಯಲಿ: "ಈಗ ಲೆಕ್ಕಪತ್ರದ ಕೆಲಸ ಮಾತ್ರ ನಿಶ್ಚಿತ. ದಾಖಲಾತಿಯ ಕೆಲಸ ಸೇರಬಹುದು. ಆರು ತಿಂಗಳ ನಂತರ ಕುಳಿತು ಕೆಲಸವನ್ನೂ ಸಂಬಳವನ್ನೂ ಮತ್ತೆ ಗೊತ್ತುಮಾಡಲಾಗುವುದು." ಒಂದು ಕಾಗದದ ಅರ್ಧಪುಟವೂ ಆಗುವುದಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಲು ಜಾಗ ಉಳಿಯುತ್ತದೆ: ದೂರದಿಂದ ಬಂದವರ ಬಸ್ ಚಾರ್ಜನ್ನು ಟ್ರಸ್ಟು ಭರಿಸುತ್ತದೆ.