ಕಿರ್ಕ್ ಮಾಡಿದ್ದು ಸರಿಯೇ?

ಊರಲ್ಲಿ ಕುರುಕ್ಷೇತ್ರ ನಾಟಕ ಆದ ಮರುದಿನ ಬೆಳಿಗ್ಗೆ ಹೋಟೆಲಿನ ಕಟ್ಟೆಯ ಮೇಲೆ ನಡೆಯುವ ವಾದವನ್ನು ಕೇಳಬೇಕು. ಯಾರ ಕಂಠ ಚೆನ್ನಾಗಿತ್ತು, ಹಾರ್ಮೋನಿಯಂ ಯಾರದು ಎಂಬ ಮಾತೆಲ್ಲ ಒಂದು ಲೋಟ ಟೀ ಮುಗಿಯುವುದರೊಳಗೆ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಕರ್ಣನ ವಿಷಯ. ನೀನು ಕುಂತಿಯ ಹಿರಿಯ ಮಗ ಎಂದು ಕೃಷ್ಣನೇ ಹೇಳಿದ ಮೇಲೂ ಅವನು ದುರ್ಯೋಧನನ ಪಕ್ಷದಲ್ಲೇ ಉಳಿದದ್ದು ಸರಿಯೇ? ಉಪ್ಪಿನ ಋಣ ದೊಡ್ಡದು ಎಂದು ಒಬ್ಬರು. ಅಧರ್ಮದ ಕಡೆ ನಿಂತು ತೀರಿಸುವ ಋಣ ಎಂಥದ್ದು ಎಂದು ಇನ್ನೊಬ್ಬರು. ಬಿಸಿಲೇರಿದರೂ ತೀರ್ಪು ಬರುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಳ್ಳಿಗಳಿಗೆ ಇಂಥ ವಾದ ಹೊಸದಲ್ಲ. ಭಾದ್ರಪದದಲ್ಲಿ ಮಾರಮ್ಮನ ಜಾತ್ರೆಗೆ ಆಂಧ್ರದಿಂದಲೂ ಜನ ಬಂದು ಸೇರುವ ಗೌರಸಮುದ್ರದಂಥ ಊರಿನಲ್ಲಿ ಹಿರಿಯರು ಪಾತ್ರಗಳ ಜೊತೆ ಜಗಳವಾಡುತ್ತಲೇ ಬೆಳೆದವರು. ವಿಚಿತ್ರವೆಂದರೆ, ಅದೇ ಹಿರಿಯರು ಮೊಮ್ಮಕ್ಕಳು ಟಿ.ವಿ. ಅಥವಾ ಮೊಬೈಲಿನ ಮುಂದೆ ಕುಳಿತು ‘ಇವನು ಯಾಕೆ ಹೀಗೆ ಮಾಡಿದ?’ ಎಂದು ಸಿಟ್ಟಾದರೆ, ‘ಅದು ಬರೀ ಕತೆ, ಎದ್ದು ಓದ್ಕೋ ಹೋಗು’ ಎಂದು ಗದರಿಸುತ್ತಾರೆ. ಕರ್ಣನ ಬಗ್ಗೆ ವಾದಿಸುವುದು ವಿವೇಕ, ವಿಜ್ಞಾನ ಕತೆಯ ನಾಯಕನ ಬಗ್ಗೆ ವಾದಿಸುವುದು ಕಾಲಹರಣ ಎಂಬ ಈ ಲೆಕ್ಕ ಸರಿಯೇ ಎಂದು ಪಾಲಕರು ಒಮ್ಮೆ ಯೋಚಿಸಬೇಕು.

ವಿಜ್ಞಾನ ಕತೆಯ ಧಾರಾವಾಹಿಗಳು ನಮ್ಮ ಮನೆಗಳಿಗೆ ಬಂದು ನಾಲ್ಕು ದಶಕವಾಯಿತು. 1980ರ ದಶಕದಲ್ಲಿ ದೂರದರ್ಶನವು ಭಾನುವಾರದ ಬೆಳಗಿನಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ತೋರಿಸಿತು. 1989ರಲ್ಲಿ ಬಂದ ಮಕ್ಕಳ ಧಾರಾವಾಹಿ ‘ಇಂದ್ರಧನುಷ್’ನಲ್ಲಿ ಕಂಪ್ಯೂಟರ್ ಕಟ್ಟುವ ಹುಡುಗರ ಜೊತೆ ನಮ್ಮ ಗಿರೀಶ ಕಾರ್ನಾಡರೂ ಇದ್ದರು. 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಬಂತು. ಇವೆಲ್ಲಕ್ಕಿಂತ ಹೆಚ್ಚು ಮಕ್ಕಳನ್ನು ಹಿಡಿದಿಟ್ಟದ್ದು 1997ರ ಸೆಪ್ಟೆಂಬರಿನಲ್ಲಿ ಶುರುವಾಗಿ 2005ರ ಮಾರ್ಚ್‌ವರೆಗೆ ನಡೆದ ‘ಶಕ್ತಿಮಾನ್’. ವಿಜ್ಞಾನಕ್ಕಿಂತ ಯೋಗಶಕ್ತಿಯೇ ಅದರಲ್ಲಿ ಹೆಚ್ಚಾಗಿದ್ದರೂ ಮಕ್ಕಳ ಮಟ್ಟಿಗೆ ಆ ಭೇದವಿರಲಿಲ್ಲ.

ಶಕ್ತಿಮಾನ್‌ನ ದಿನಗಳಲ್ಲಿ ಆತಂಕದ ಸುದ್ದಿಗಳೂ ಬಂದವು. ಅಪಾಯಕ್ಕೆ ಸಿಕ್ಕರೆ ಶಕ್ತಿಮಾನ್ ಹಾರಿ ಬಂದು ಕಾಪಾಡುತ್ತಾನೆ ಎಂದು ನಂಬಿ ಕೆಲವು ಮಕ್ಕಳು ತಾವೇ ಅಪಾಯ ತಂದುಕೊಂಡರು ಎಂದು ಪತ್ರಿಕೆಗಳು ಬರೆದವು. ಆ ಪಾತ್ರ ಮಾಡಿದ ಮುಖೇಶ್ ಖನ್ನಾ ಕಂತಿನ ಕೊನೆಗೆ ಮಕ್ಕಳ ಜೊತೆ ನೇರವಾಗಿ ಮಾತಾಡಿ, ಇದನ್ನೆಲ್ಲ ಮನೆಯಲ್ಲಿ ಮಾಡಬೇಡಿ ಎಂದು ತಿಳಿಹೇಳಬೇಕಾಯಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ‘ಇವನು ಇಲ್ಲಿಗೆ ಬರಲು ಸಾಧ್ಯವೇ? ಇವನು ಮಾಡಿದ್ದು ಸರಿಯೇ?’ ಎಂದು ಕೇಳುವ ಮಗು ಬೆಂಕಿಯ ಹತ್ತಿರ ಹೋಗುವುದಿಲ್ಲ. ಏನನ್ನೂ ಕೇಳದೆ ನಾಯಕನನ್ನು ಪೂರ್ತಿ ನಂಬಿದ ಮಗುವಿನ ಬಗ್ಗೆಯೇ ಹೆದರಬೇಕು. ಪಾತ್ರದ ಜೊತೆ ಜಗಳವಾಡುವುದು ಮಕ್ಕಳಿಗೆ ಒಂದು ರಕ್ಷಣೆ.

ಆದರೆ ಜಗಳವಾಡುವುದಕ್ಕೂ ಒಂದು ಕ್ರಮ ಬೇಕು. ‘ಸ್ಟಾರ್ ಟ್ರೆಕ್’ನ ಒಂದು ಕಂತನ್ನೇ ತೆಗೆದುಕೊಳ್ಳಿ. 1967ರಲ್ಲಿ ಪ್ರಸಾರವಾದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಆ ಕಂತಿನಲ್ಲಿ ನೌಕೆಯ ವೈದ್ಯ ಮೆಕಾಯ್ ಔಷಧದ ಅಮಲಿನಲ್ಲಿ ಕಾಲದ ಬಾಗಿಲೊಂದನ್ನು ದಾಟಿ 1930ರ ಅಮೆರಿಕಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ಅವನೇನೋ ಮಾಡಿದ್ದರಿಂದ ಇತಿಹಾಸವೇ ಬದಲಾಗಿ ನೌಕೆಯೇ ಇಲ್ಲವಾಗುತ್ತದೆ. ಅದನ್ನು ಸರಿಪಡಿಸಲು ಕ್ಯಾಪ್ಟನ್ ಕಿರ್ಕ್ ಮತ್ತು ಸ್ಪಾಕ್ ಅದೇ ಕಾಲಕ್ಕೆ ಹೋಗುತ್ತಾರೆ. ಬಡವರಿಗೆ ಊಟ ಹಾಕುವ ಈಡಿತ್ ಕೀಲರ್ ಎಂಬ ಹೆಣ್ಣುಮಗಳನ್ನು ಕಿರ್ಕ್ ಪ್ರೀತಿಸುತ್ತಾನೆ. ಅಷ್ಟರಲ್ಲಿ ಸ್ಪಾಕ್ ಯಂತ್ರದಿಂದ ಸತ್ಯ ಕಂಡುಹಿಡಿಯುತ್ತಾನೆ: ಈಡಿತ್ ಅಪಘಾತದಲ್ಲಿ ಸಾಯಬೇಕಿತ್ತು. ಬದುಕಿದರೆ ಅವಳ ಶಾಂತಿ ಚಳವಳಿಯಿಂದ ಅಮೆರಿಕ ಯುದ್ಧಕ್ಕೆ ಇಳಿಯುವುದು ತಡವಾಗುತ್ತದೆ, ಹಿಟ್ಲರನ ಜರ್ಮನಿಗೆ ಮೊದಲು ಅಣುಬಾಂಬ್ ಸಿಗುತ್ತದೆ. ಕೊನೆಗೆ ಈಡಿತ್ ರಸ್ತೆ ದಾಟುವಾಗ ಲಾರಿ ಬರುತ್ತದೆ. ಉಳಿಸಲು ಓಡಿದ ಮೆಕಾಯ್‌ನನ್ನು ಕಿರ್ಕ್ ಅಪ್ಪಿ ಹಿಡಿದು ನಿಲ್ಲಿಸುತ್ತಾನೆ.

ಗೌರಸಮುದ್ರದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇದನ್ನು ನೋಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಮೊದಲ ಮಾತು ಏನಿರುತ್ತದೆ?

“ಅಪ್ಪಾ, ಅವ್ನು ಯಾಕೆ ಡಾಕ್ಟ್ರನ್ನ ಹಿಡ್ಕಂಡ? ಬಿಟ್ಟಿದ್ರೆ ಆಯಮ್ಮ ಬದುಕ್ತಿದ್ಲು!”

“ಬದುಕಿದ್ರೆ ಲಕ್ಷಾಂತರ ಜನ ಸಾಯ್ತಿದ್ರು ಕಣವ್ವ.”

“ಹಂಗಾದ್ರೆ ತಮ್ ಜೊತೇಲೇ ಕರ್ಕಂಡು ಹೋಗ್ಬೋದಿತ್ತಲ್ಲ?”

ಈ ಮೂರನೆಯ ಮಾತಿನ ಬೆಲೆ ತಿಳಿಯಬೇಕು. ಕಿರ್ಕ್‌ನ ಮುಂದೆ ಎರಡೇ ದಾರಿ ಇದ್ದವು ಎಂದು ಕತೆ ಹೇಳುತ್ತದೆ; ಮೂರನೆಯದೊಂದು ಇತ್ತಲ್ಲ ಎಂದು ಹುಡುಗಿ ಹುಡುಕಿದಳು. ಅವಳ ಪ್ರಶ್ನೆಗೆ ಕಂತಿನಲ್ಲಿ ಉತ್ತರವಿಲ್ಲ. ತಂದೆಯೂ ಉತ್ತರ ಹೇಳಬೇಕಾಗಿಲ್ಲ. ಸಿಟ್ಟನ್ನು ವಿಚಾರದ ಕಡೆಗೆ ತಿರುಗಿಸುವ ಮೂರು ಪ್ರಶ್ನೆಗಳನ್ನು ಅವಳ ಕೈಗೆ ಕೊಟ್ಟರೆ ಸಾಕು. ಆ ಹೊತ್ತಿನಲ್ಲಿ ಅವನಿಗೆ ಏನು ಗೊತ್ತಿತ್ತು? ಬೇರೆ ದಾರಿ ಯಾವುದಿತ್ತು? ಅದರ ಬೆಲೆ ತೆತ್ತವರು ಯಾರು?

ಕಿರ್ಕ್‌ನ ವಿಷಯದಲ್ಲಿ ಮೊದಲ ಪ್ರಶ್ನೆಗೇ ಒಂದು ಸೂಕ್ಷ್ಮ ಹೊಳೆಯುತ್ತದೆ. ಅವನಿಗೆ ಮುಂದಾಗುವುದು ಖಚಿತವಾಗಿ ಗೊತ್ತಿತ್ತು, ಯಂತ್ರ ಅದನ್ನು ತೋರಿಸಿತ್ತು. ನಿಜಜೀವನದಲ್ಲಿ ಆ ಯಂತ್ರ ಯಾರಿಗೂ ಸಿಕ್ಕಿಲ್ಲ. ಆದ್ದರಿಂದ ‘ಮುಂದೆ ಒಳ್ಳೆಯದಾಗುತ್ತದೆ’ ಎಂದು ಹೇಳಿಕೊಂಡು ಇಂದು ಒಬ್ಬರನ್ನು ಬಲಿಕೊಡುವವರಿಗೆ ಕಿರ್ಕ್‌ನ ಉದಾಹರಣೆ ಆಧಾರವಾಗುವುದಿಲ್ಲ. ಇನ್ನು ಬೆಲೆ ತೆತ್ತವಳು ಈಡಿತ್. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅದೇ ವರ್ಷದ ‘ದಿ ಗೆಲಿಲಿಯೊ ಸೆವೆನ್’ ಎಂಬ ಕಂತು ಇನ್ನೊಂದು ಬಗೆಯದು. ಏಳು ಜನರಿದ್ದ ಪುಟ್ಟ ನೌಕೆಯೊಂದು ಅಪರಿಚಿತ ಗ್ರಹದ ಮೇಲೆ ಬೀಳುತ್ತದೆ. ನಾಯಕ ಸ್ಪಾಕ್, ತರ್ಕವೇ ಸರ್ವಸ್ವ ಎನ್ನುವವನು. ಅವನ ತರ್ಕ ಒಂದೊಂದೂ ಸರಿಯಾಗಿಯೇ ಕಾಣುತ್ತದೆ, ಆದರೂ ಇಬ್ಬರು ಸಾಯುತ್ತಾರೆ. ಹೆದರಿಸಿದರೆ ಅಲ್ಲಿನ ಜೀವಿಗಳು ದೂರ ಉಳಿಯುತ್ತವೆ ಎಂದು ಅವನು ಎಣಿಸಿದ್ದ, ಅವು ರೊಚ್ಚಿಗೆದ್ದವು. ಹೇಗೋ ಮೇಲೇರಿದ ಮೇಲೆ, ಉಳಿದಿದ್ದ ಇಂಧನವನ್ನೆಲ್ಲ ಸ್ಪಾಕ್ ಒಮ್ಮೆಗೇ ಹೊರಚೆಲ್ಲಿ ಹೊತ್ತಿಸಿಬಿಡುತ್ತಾನೆ. ಜೊತೆಯವರಿಗೆ ಅದು ಹುಚ್ಚಾಗಿ ಕಾಣುತ್ತದೆ. ಆ ಬೆಳಕನ್ನು ಕಂಡೇ ದೊಡ್ಡ ನೌಕೆ ಅವರನ್ನು ಎತ್ತಿಕೊಳ್ಳುತ್ತದೆ.

ನೋಡುಗ ಇಲ್ಲಿ ಚಪ್ಪಾಳೆ ತಟ್ಟುತ್ತಾನೆ. ದೊಡ್ಡ ನೌಕೆ ಆ ಬೆಳಕನ್ನು ನೋಡದೆ ಹೋಗಿದ್ದರೆ? ಅದೇ ನೋಡುಗ ಸ್ಪಾಕ್‌ನನ್ನು ಮೂರ್ಖ ಎನ್ನುತ್ತಿದ್ದ. ತೀರ್ಮಾನ ಅದೇ, ಅದರ ಹಿಂದಿನ ವಿಚಾರವೂ ಅದೇ. ಫಲ ಮಾತ್ರ ಬೇರೆ. ಇಂಧನ ಉಳಿಸಿಕೊಂಡಿದ್ದರೂ ಸ್ವಲ್ಪ ಹೊತ್ತಿನಲ್ಲಿ ಅವರು ಕೆಳಗೆ ಬೀಳುವವರೇ ಇದ್ದರು, ಬೇರೆ ರೀತಿಯಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದ್ದರಿಂದ ಬೆಳಕನ್ನು ಯಾರೂ ಕಾಣದಿದ್ದರೂ ಅವನ ತೀರ್ಮಾನ ಸರಿಯಾದದ್ದೇ. ಫಲದಿಂದ ತೀರ್ಮಾನವನ್ನು ಅಳೆಯುವುದು ನೋಡುಗರು ಮಾಡುವ ದೊಡ್ಡ ತಪ್ಪು.

ತಂದೆ ತಾಯಿಗಳಿಗೆ ಈ ಮಾತು ಹೊಲದಲ್ಲಿ ಬೇಗ ಅರ್ಥವಾಗುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಹದ ಮಳೆ ಬಿತ್ತು ಎಂದು ರೈತ ಶೇಂಗಾ ಬಿತ್ತುತ್ತಾನೆ. ಆಮೇಲೆ ತಿಂಗಳುಗಟ್ಟಲೆ ಮಳೆ ಮುಖ ತೋರಿಸುವುದಿಲ್ಲ. ಬಿತ್ತಿದ್ದು ತಪ್ಪೇ? ಭೂಮಿ ಹದವಾಗಿತ್ತು, ಬೀಜ ಕೈಯಲ್ಲಿತ್ತು, ಕಾಲ ಮೀರುತ್ತಿತ್ತು. ಅವನು ಸರಿಯಾಗಿಯೇ ಯೋಚಿಸಿದ್ದ. ‘ನಾನಾಗ್ಲೇ ಹೇಳಿದ್ದೆ’ ಎನ್ನುವ ಪಕ್ಕದ ಹೊಲದವನ ಮಾತು ಅವನಿಗೆ ಬೆಳೆ ಹೋದದ್ದಕ್ಕಿಂತ ಹೆಚ್ಚು ನೋಯಿಸುತ್ತದೆ.

ಅದೇ ನೋವನ್ನು ನಾವು ಮಕ್ಕಳಿಗೆ ಕೊಡುತ್ತೇವೆ. ಯೋಚಿಸಿ, ಕೇಳಿ ತಿಳಿದು ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡ ಹುಡುಗ ಒಂದು ವಿಷಯದಲ್ಲಿ ಫೇಲಾದರೆ, ‘ಕಾಮರ್ಸ್ ತಗೋ ಅಂತ ಬಡ್ಕೊಂಡೆ’ ಎನ್ನುತ್ತೇವೆ. ಪಕ್ಕದ ಮನೆಯವನು ಐದೇ ಪಾಠ ಓದಿ, ಅವೇ ಪ್ರಶ್ನೆ ಬಂದು ಫಸ್ಟ್ ಕ್ಲಾಸಾದರೆ ಅವನನ್ನು ಹೊಗಳುತ್ತೇವೆ. ಮಗು ಕಲಿಯುವ ಪಾಠ ಒಂದೇ: ಹೇಗೆ ಯೋಚಿಸಿದೆ ಎಂಬುದು ಮುಖ್ಯವಲ್ಲ, ಅದೃಷ್ಟ ಇದ್ದರೆ ಸಾಕು. ಮುಂದಿನ ಸಲ ಅದು ತೀರ್ಮಾನ ತೆಗೆದುಕೊಳ್ಳಲೇ ಹೆದರುತ್ತದೆ, ಇಲ್ಲವೆ ಸುಳ್ಳು ಹೇಳುತ್ತದೆ.

ಸೋಲನ್ನು ಹೇಗೆ ನೋಡಬೇಕು ಎಂಬುದಕ್ಕೆ ಇದೇ ತಾಲ್ಲೂಕಿನಲ್ಲಿ ಒಳ್ಳೆಯ ಉದಾಹರಣೆ ಇದೆ. ಚಂದ್ರಯಾನದ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತ್ತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ಆಗ ಬೈಗುಳದಲ್ಲಿ ಕಾಲ ಕಳೆಯದೆ ವಿಜ್ಞಾನಿಗಳು ಕೇಳಿದ್ದು ಮೇಲಿನ ಪ್ರಶ್ನೆಗಳನ್ನೇ. ಇಳಿಯುವಾಗ ಲ್ಯಾಂಡರಿಗೆ ಏನು ಗೊತ್ತಿತ್ತು? ಅದಕ್ಕೆ ಬೇರೆ ದಾರಿ ಇತ್ತೇ? ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟಿದ್ದವು, ತಪ್ಪುಗಳು ಕೂಡುತ್ತಾ ಹೋದವು, ಬೇಗ ತಿರುಗಿ ಸರಿಮಾಡಿಕೊಳ್ಳಲು ಅವಕಾಶವಿರಲಿಲ್ಲ, ಇಳಿಯಬೇಕಾದ ಜಾಗವೋ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಮುಂದಿನ ಸಲ ಆ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವಂತೆ ನೌಕೆಯನ್ನು ರೂಪಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು.

ಇನ್ನೊಂದು ನೌಕೆ ಚಳ್ಳಕೆರೆಯ ನೆಲಕ್ಕೇ ಇಳಿದಿದೆ. ರೆಕ್ಕೆಯಿರುವ, ಮತ್ತೆ ಬಳಸಬಹುದಾದ ನೌಕೆಯ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಡುತ್ತದೆ. ಪೈಲಟ್ ಇಲ್ಲದ ಅದು ತಾನಾಗಿಯೇ ಡಿ.ಆರ್.ಡಿ.ಒ. ಪರೀಕ್ಷಾ ಕೇಂದ್ರದ ರನ್‌ವೇಗೆ ಇಳಿಯಬೇಕು. ಮೊದಲ ಪ್ರಯೋಗ 2023ರ ಏಪ್ರಿಲ್ 2ರಂದು ಆಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರ ಪ್ರಯೋಗಗಳಲ್ಲಿ ‘ಪುಷ್ಪಕ್’ ನೌಕೆಯನ್ನು ಬೇಕೆಂದೇ ರನ್‌ವೇಯ ನೇರದಿಂದ ಪಕ್ಕಕ್ಕೆ ಬಿಟ್ಟರು. ಕೊನೆಯ ಸಲ 500 ಮೀಟರ್ ಪಕ್ಕಕ್ಕೆ. ಅದು ದಾರಿ ಸರಿಪಡಿಸಿಕೊಂಡು ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿಕೊಂಡಿತು. ಒಳಗೆ ಕಿರ್ಕ್ ಇರಲಿಲ್ಲ, ಸ್ಪಾಕ್ ಇರಲಿಲ್ಲ. ಆ ಅರೆಗಳಿಗೆಯ ತೀರ್ಮಾನಗಳನ್ನು ಮನುಷ್ಯರು ತಿಂಗಳುಗಳ ಮೊದಲೇ, ಫಲ ಕಾಣುವ ಮುಂಚೆಯೇ ಯೋಚಿಸಿ ಬರೆದಿಟ್ಟಿದ್ದರು.

ಮೂರನೆಯ ಪ್ರಶ್ನೆಯನ್ನೂ ಇಲ್ಲೇ ಕೇಳಬೇಕಾಗುತ್ತದೆ. ಈ ವಿಜ್ಞಾನ ಕೇಂದ್ರಗಳಿಗೆ ಕೊಟ್ಟದ್ದು ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು. ಕುರಿ, ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗಳ ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. ನೌಕೆ ಇಳಿದದ್ದಕ್ಕೆ ಹೆಮ್ಮೆಪಡುವ ವಿದ್ಯಾರ್ಥಿ, ಬೆಲೆ ತೆತ್ತವರು ಯಾರು, ಅವರನ್ನು ಕೇಳಲಾಯಿತೇ ಎಂದೂ ಕೇಳಬೇಕು. ಈಡಿತ್ ಕೀಲರ್‌ಗಾಗಿ ಮರುಗಿದ ಹುಡುಗಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಖರ್ಚಿಲ್ಲದ ಒಂದು ಅಭ್ಯಾಸವಿದೆ. ವಾರಕ್ಕೊಮ್ಮೆ ಮಕ್ಕಳ ಜೊತೆ ಕುಳಿತು ಅವರು ಮೆಚ್ಚುವ ಧಾರಾವಾಹಿಯ ಒಂದು ಕಂತು ನೋಡಿ. ಪಾತ್ರ ತೀರ್ಮಾನ ತೆಗೆದುಕೊಳ್ಳಬೇಕಾದ ಜಾಗ ಬಂದ ಕೂಡಲೇ ನಿಲ್ಲಿಸಿ. ಈಗ ಮೊಬೈಲಿನಲ್ಲಿ ಅದು ಸುಲಭ. ‘ನೀನಾಗಿದ್ದರೆ ಏನು ಮಾಡುತ್ತಿದ್ದೆ, ಯಾಕೆ?’ ಎಂದು ಕೇಳಿ. ಉತ್ತರವನ್ನು ಎರಡು ಸಾಲಿನಲ್ಲಿ ಬರೆದಿಡಲಿ. ತಂದೆ ತಾಯಿಯೂ ತಮ್ಮ ಉತ್ತರ ಬರೆಯಲಿ. ಆಮೇಲೆ ಮುಂದೆ ನೋಡಿ. ಫಲ ಕಂಡ ಮೇಲೆ ಎಲ್ಲರೂ ಜಾಣರೇ. ಕಾಣುವ ಮೊದಲು ಬರೆದದ್ದೇ ನಿಜವಾದ ಉತ್ತರ.

ಮಕ್ಕಳ ಉತ್ತರ ನಿಮ್ಮದಕ್ಕಿಂತ ಬೇರೆಯಾದರೆ ತಿದ್ದಲು ಹೋಗಬೇಡಿ, ಕಾರಣ ಕೇಳಿ. ಕಾರಣ ಹೇಳಿ ಅಭ್ಯಾಸವಾದ ಮಗು ನಾಳೆ ಯಾವ ಕೋರ್ಸು, ಯಾವ ಊರು, ಯಾವ ಕೆಲಸ ಎಂಬ ಮಾತು ಬಂದಾಗಲೂ ತನ್ನ ಕಾರಣದೊಂದಿಗೇ ನಿಮ್ಮ ಮುಂದೆ ಬರುತ್ತದೆ. ಆ ತೀರ್ಮಾನ ಕೈಕೊಟ್ಟರೆ, ಮುಚ್ಚಿಡದೆ ಮೊದಲು ಬಂದು ಹೇಳುವುದೂ ನಿಮಗೇ.