ಗಡ ನೋಡುವ ಮೊದಲು ಒಂದು ತಂಬಿಗೆ ನೀರು ಕೇಳಿ

ಗಜೇಂದ್ರಗಡಕ್ಕೆ ಬನ್ನಿ ಎಂದು ಕರೆಯುವವರಿಗೆ ಕೊರತೆಯಿಲ್ಲ. ಆನೆಯ ಹಾಗೆ ಕಾಣುವ ಗುಡ್ಡ ನೋಡಿ, ಅದರ ನೆತ್ತಿಯ ಮೇಲಿನ ಕೋಟೆ ನೋಡಿ, ಕಾಲಕಾಲೇಶ್ವರನ ಗುಡಿ ನೋಡಿ, ಗಾಳಿಯಂತ್ರಗಳ ಸಾಲು ನೋಡಿ, ಫೋಟೋ ತಗೊಳ್ಳಿ, ಸಂಜೆಗೆ ಮನೆ ಸೇರಿ. ಪ್ರವಾಸ ಅಂದರೆ ಇಷ್ಟೇ ಎಂದು ತಿಳಿದವರಿಗೆ ಈ ಮಾತು ಕಹಿಯಾಗುತ್ತದೆ. ಆಗಲಿ.

ನಾವೂ ಹೋದೆವು. ಐದು ಜನ. ಐದೂ ಜನ ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲಿಗರು. ರೋಣ ಸೀಮೆಯ ಎರಿಹೊಲಗಳಲ್ಲಿ ಕೂಲಿ ಮಾಡಿದವರ ಮಕ್ಕಳು. ಹೊರಡುವಾಗ ನಮ್ಮಲ್ಲೊಬ್ಬನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಕೇಳಿದಳು: "ಗುಡ್ಡಾ ನೋಡಾಕ ಹೊಂಟೀರೇನ್ರೋ? ನಾ ಸಣ್ಣಾಕಿ ಇದ್ದಾಗ ದಿನಾ ಹತ್ತೀನಿ. ತಲಿ ಮ್ಯಾಲ ಕಟ್ಟಿಗಿ ಹೊರಿ ಇದ್ರ ಗುಡ್ಡಾ ಕಾಣಾಂಗಿಲ್ಲೋ ಯಪ್ಪಾ. ಕಾಲಷ್ಟ ಕಾಣ್ತಾವ."

ಈ ಮಾತು ಯಾವ ಪ್ರವಾಸಿ ಪುಸ್ತಿಕೆಯಲ್ಲಿದೆ? ಗುಡ್ಡ ಚೆಂದ ಕಾಣಬೇಕಾದರೆ ತಲೆಯ ಮೇಲೆ ಹೊರೆ ಇರಬಾರದು. ಇತಿಹಾಸ ಚೆಂದ ಕಾಣಬೇಕಾದರೂ ಅಷ್ಟೇ.

ಗಡ ಇನ್ನೂ ದೂರ ಇರುವಾಗ ದಾರಿಯ ಒಂದು ಹಳ್ಳಿಯಲ್ಲಿ ಬಿಸಿಲು ತಡೆಯಲಾಗದೆ ನಿಂತೆವು. ಒಂದು ಮನೆಯ ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತಿದ್ದರು. ನೀರು ಕೇಳಿದೆವು. ಒಳಗೆ ಕೂಗಿ ಹೇಳಿದರು. ತಂಬಿಗೆ ಹೊರಗೆ ಬಂತು. ಅಷ್ಟರಲ್ಲಿ ಮಾತು ಬೆಳೆಯಿತು.

"ಯಾ ಊರಾತ್ರೀ ತಮ್ಮದು?"

ಹೇಳಿದೆವು.

"ಯಾರ ಪೈಕಿ?"

ಅದನ್ನೂ ಹೇಳಿದೆವು. ಮುಚ್ಚಿಡುವುದನ್ನು ನಾವು ಬಿಟ್ಟಿದ್ದೇವೆ.

ತಂಬಿಗೆ ಒಳಗೆ ಹೋಯಿತು. ಯಾರೂ ಬೈಯಲಿಲ್ಲ, ಯಾರೂ ಎದ್ದುಹೋಗಿ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಐದು ಪ್ಲಾಸ್ಟಿಕ್ ಲೋಟಗಳಲ್ಲಿ ನೀರು ಬಂತು. "ಕುಡದು ಅಲ್ಲೇ ಒಗೀರಿ, ತೊಳೆಯೋ ಕೆಲಸಿಲ್ಲ" ಎಂದರು ಹಿರಿಯರು, ಬಹಳ ಅಕ್ಕರೆಯಿಂದ.

ನಮ್ಮ ಅಜ್ಜ ಬೊಗಸೆ ಒಡ್ಡಿದ. ಮೇಲಿಂದ ಸುರಿದರು. ನಮ್ಮ ಅಪ್ಪ ಹೋಟೆಲಿನ ಹೊರಗೆ ಬೇರೆ ಇಟ್ಟಿದ್ದ ಕಪ್ಪು ತಗೊಂಡ, ಕುಡಿದು ತಾನೇ ತೊಳೆದಿಟ್ಟ. ನಮ್ಮ ಕೈಗೆ ಒಗೆಯುವ ಲೋಟ. ಇದಕ್ಕೆ ಪ್ರಗತಿ ಎಂದು ಹೆಸರು. ಮೈಲಿಗೆಯನ್ನು ತೊಳೆಯುವ ಕೆಲಸವೂ ಈಗ ಇಲ್ಲ, ಒಗೆದರೆ ಮುಗಿಯಿತು!

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರು ಇದ್ದಾರೆ. 1934ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ತಮ್ಮ ಸಂಗಾತಿಗಳೊಂದಿಗೆ ವೇರೂಳದ ಗವಿಗಳನ್ನು ನೋಡಲು ಹೊರಟಿದ್ದರು. ದಾರಿಯಲ್ಲಿ ದೌಲತಾಬಾದಿನ ಕೋಟೆ. ಬಾಗಿಲ ಬಳಿ ತುಂಬಿದ ಹೊಂಡ. ಧೂಳು ಹಿಡಿದ ಮುಖ, ಕೈಕಾಲು ತೊಳೆದುಕೊಂಡರು. ಅಷ್ಟಕ್ಕೇ ಹೊಂಡ ಕೆಟ್ಟಿತೆಂದು ಜನ ಸೇರಿ ಬೈಗುಳ ಸುರಿದರು. ಕಡೆಗೆ ಕೋಟೆ ನೋಡಲು ಬಿಟ್ಟರು, ಆದರೆ ಒಳಗೆ ಎಲ್ಲೂ ನೀರು ಮುಟ್ಟಬಾರದೆಂದು ಆಯುಧ ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಪರದೇಶಗಳಲ್ಲಿ ಓದಿ ಬಂದ, ಬ್ಯಾರಿಸ್ಟರ್ ಆದ ಮನುಷ್ಯ ಕೋಟೆ ನೋಡಿದ್ದು ಕಾವಲಿನಲ್ಲಿ. ಮಹಾಡದ ಚವದಾರ ಕೆರೆಯ ನೀರನ್ನು 1927ರಲ್ಲಿ ಸಾವಿರಾರು ಜನರೊಂದಿಗೆ ಕುಡಿದು ತೋರಿಸಿದವರಿಗೆ ಏಳು ವರ್ಷದ ಮೇಲೆ ಸಿಕ್ಕ ಮರ್ಯಾದೆ ಇದು!

ಆದ್ದರಿಂದ ನಾವು ಕೋಟೆಗೆ ಹೋದರೆ ಮೊದಲು ಬುರುಜು ನೋಡುವುದಿಲ್ಲ. ನೀರು ನೋಡುತ್ತೇವೆ.

ಗಡದ ಮೇಲೆ ಹೊಂಡಗಳಿವೆ. ನೀರಿಲ್ಲದೆ ಗುಡ್ಡದ ಮೇಲೆ ದಂಡು ಒಂದು ದಿನ ನಿಲ್ಲುವುದಿಲ್ಲ. ಅಂದರೆ ಕೋಟೆಯ ಪ್ರಾಣ ಇರುವುದು ತೋಪಿನಲ್ಲಲ್ಲ, ಹೊಂಡದಲ್ಲಿ. ಆ ಬಂಡೆ ಕೊರೆದವರು ಯಾರು? ಆ ಕಲ್ಲು ಒಡೆದ ವಡ್ಡರ ಹೆಸರೇನು? ಬೇಸಗೆಯಲ್ಲಿ ಕೆಳಗಿನಿಂದ ನೀರು ಹೊತ್ತ ಹೆಣ್ಣುಮಕ್ಕಳು ಯಾವ ಕೇರಿಯವರು? ಹೊತ್ತ ನೀರನ್ನು ಅವರು ಕುಡಿದರೇ? ಇದಕ್ಕೆ ಬೋರ್ಡು ಇಲ್ಲ.

ಬೋರ್ಡು ಇರುವುದು ಒಡೆಯರಿಗೆ. ಅವರ ಕತೆಯನ್ನೂ ನೋಡೋಣ. 1785ರಲ್ಲಿ ಟಿಪ್ಪು ನರಗುಂದಕ್ಕೆ ಮುತ್ತಿಗೆ ಹಾಕಿದ. ಮರಾಠರು, ನಿಜಾಮ ಒಂದಾಗಿ ಅವನ ಮೇಲೆ ಬಂದರು. 1787ರಲ್ಲಿ ಇದೇ ಗಜೇಂದ್ರಗಡದಲ್ಲಿ ಒಪ್ಪಂದ ಆಯಿತು. ಬಾದಾಮಿ ಮರಾಠರಿಗೆ. ನರಗುಂದ, ಕಿತ್ತೂರು ಹಿಂದಿನ ಒಡೆಯರಿಗೆ. ಟಿಪ್ಪು ಕೊಡಬೇಕಾದ ಕಪ್ಪ 48 ಲಕ್ಷ ರೂಪಾಯಿ. ಊರುಗಳು ಸಂತೆಯ ಎತ್ತುಗಳ ಹಾಗೆ ಕೈ ಬದಲಾದವು. ಎತ್ತನ್ನಾದರೂ ಹಲ್ಲು ಹಿಡಿದು ನೋಡಿ ಕೊಳ್ಳುತ್ತಾರೆ. ಇಲ್ಲಿ ಜನರ ಮುಖವನ್ನೂ ನೋಡಲಿಲ್ಲ. ಒಡೆಯ ಬದಲಾದ, ನಿಶಾನೆ ಬದಲಾಯಿತು. ಕೇರಿ ಮಾತ್ರ ಊರ ಹೊರಗೇ ಉಳಿಯಿತು. ಸರದಾರನ ಕಾಲಕ್ಕೂ, ಸುಲ್ತಾನನ ಕಾಲಕ್ಕೂ, ಕಂಪನಿ ಸರಕಾರದ ಕಾಲಕ್ಕೂ ಸತ್ತ ದನ ಎಳೆದವರು ಅವರೇ, ಬಿಟ್ಟಿ ದುಡಿದವರು ಅವರೇ. ಈ ಒಪ್ಪಂದಕ್ಕೆ ಮಾತ್ರ ಯಾರೂ ಸಹಿ ಹಾಕಿರಲಿಲ್ಲ. ಯಾರೂ ಮುರಿಯಲೂ ಇಲ್ಲ.

ಗಡದಿಂದ ಸೂಡಿಗೆ ಹೋದೆವು. ಕಲ್ಯಾಣ ಚಾಲುಕ್ಯರ ಕಾಲದ ಊರು. ಜೋಡು ಕಳಸದ ಗುಡಿ, ಮಲ್ಲಿಕಾರ್ಜುನನ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡ. ಹನ್ನೊಂದನೆಯ ಶತಮಾನದಲ್ಲಿ ಈ ಕಿಸುಕಾಡು ನಾಡನ್ನು ಆಳಿದ್ದು ಅಕ್ಕಾದೇವಿ ಎಂಬ ಹೆಣ್ಣುಮಗಳು. ಹೆಣ್ಣು ನಾಡು ಆಳಿದ್ದು ನಮಗೆ ಹೆಮ್ಮೆಯೇ. ಕುಂಡದ ಕೆತ್ತನೆ ಕಂಡು ನಾವೂ ಬೆರಗಾದೆವು, ನಮಗೂ ಕಣ್ಣಿದೆ. ಆದರೆ ಶಾಸನಗಳ ಭಾಷೆ ನಮಗೆ ಗೊತ್ತು. ದಾನ ಕೊಟ್ಟವನ ಹೆಸರು, ತಗೊಂಡವನ ಹೆಸರು, ಹೊಲದ ಅಳತೆ, ದೀಪದ ಎಣ್ಣೆಯ ಲೆಕ್ಕ, ಕೆಡಿಸಿದವನಿಗೆ ಶಾಪ. ಎಲ್ಲ ಇದೆ. ಆ ಹೊಲ ಉತ್ತವನ ಹೆಸರಿಲ್ಲ. ಕಲ್ಲಿನ ಮೇಲೆ ಅಕ್ಷರ ಕೊರೆದ ಕೈಗೆ ಅಕ್ಷರದಲ್ಲಿ ಪಾಲು ಎಷ್ಟು?

ಇನ್ನು ನರಗುಂದ. ದತ್ತಕಕ್ಕೆ ಕಂಪನಿ ಒಪ್ಪಲಿಲ್ಲವೆಂಬ ಸಿಟ್ಟಿನಲ್ಲಿ ಬಾಬಾಸಾಹೇಬ ಭಾವೆ ಬಂಡೆದ್ದ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಜೂನಿನಲ್ಲಿ ಬೆಳಗಾವಿಯಲ್ಲಿ ಭಾವೆ ನೇಣಿಗೇರಿದ. ಆ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೂ ಮೊದಲು, 1857ರಲ್ಲೇ, ಆಯುಧ ಒಪ್ಪಿಸಿ ಎಂಬ ಹುಕುಮಿಗೆ ಮುಧೋಳ ಸೀಮೆಯ ಹಲಗಲಿ ಬೇಡರು ಎದುರು ನಿಂತರು. ಊರು ಸುಟ್ಟಿತು, ಬೇಡರು ಗಲ್ಲಿಗೆ ಹೋದರು. ಅವರಿಗೆ ದತ್ತಕದ ಚಿಂತೆ ಇರಲಿಲ್ಲ, ಸಂಸ್ಥಾನ ಇರಲಿಲ್ಲ. ಅವರ ಕತೆ ಉಳಿದದ್ದು ಲಾವಣಿಯಲ್ಲಿ. ಕೋಟೆ ಇದ್ದವನಿಗೆ ಕಲ್ಲು ಸಾಕ್ಷಿ. ಗುಡಿಸಲಿದ್ದವನಿಗೆ ಬಾಯಿ ಸಾಕ್ಷಿ.

ಅದೇ ನರಗುಂದದಲ್ಲಿ 1980ರ ಜುಲೈ 21ರಂದು ರೈತರು ಬಂಡೆದ್ದರು. ಮಲಪ್ರಭೆಯ ಕಾಲುವೆಯಲ್ಲಿ ನೀರು ಸರಿಯಾಗಿ ಬರದಿದ್ದರೂ ಹೊಲಕ್ಕೆ ಅಭಿವೃದ್ಧಿ ಕರ ಹೇರಿದ್ದರು. ಪೊಲೀಸರ ಗುಂಡಿಗೆ ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು. ಆ ಹೋರಾಟ ನಮ್ಮದೂ ಹೌದು. ಅಧಿಕಾರಶಾಹಿಯ ಎದೆ ನಡುಗಿಸಿದ ದಿನ ಅದು. ಆದರೂ ಸಂಗಾತಿಗಳಲ್ಲಿ ಒಂದು ಮಾತು ಕೇಳಲೇಬೇಕು. ಕರ ಬಿದ್ದದ್ದು ಹೊಲ ಇದ್ದವರಿಗೆ. ಹೊಲವೇ ಇಲ್ಲದವರಿಗೆ ಕರವೂ ಇಲ್ಲ, ನೀರೂ ಇಲ್ಲ, ಪರಿಹಾರವೂ ಇಲ್ಲ. 2015ರಿಂದ ಕಳಸಾ-ಬಂಡೂರಿ ನೀರಿಗಾಗಿ ಅದೇ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತರು. ನೀರು ಬರಲಿ, ಬರಬೇಕು. ಬಂದ ಮೇಲೆ ಕೇರಿಯ ಪಾಲು ಎಷ್ಟು? ಈ ಪ್ರಶ್ನೆ ಎತ್ತಿದರೆ "ಒಗ್ಗಟ್ಟು ಒಡೀಬ್ಯಾಡ್ರಿ" ಎನ್ನುತ್ತಾರೆ. ಒಡೆದದ್ದು ನಾವೋ, ತಂಬಿಗೆಯೋ?

"ಈಗ ಅದೆಲ್ಲ ಎಲ್ಲೈತ್ರಿ?" ಎಂದು ಕೇಳುವ ವಿದ್ಯಾವಂತರಿದ್ದಾರೆ. ಗಜೇಂದ್ರಗಡದ ಮಗ್ಗುಲಿಗೇ ಕೊಪ್ಪಳ ಜಿಲ್ಲೆ. ಅಲ್ಲಿಯ ಮರಕುಂಬಿಯಲ್ಲಿ ಕ್ಷೌರದ ಅಂಗಡಿಗೆ, ಹೋಟೆಲಿಗೆ ನಮ್ಮನ್ನೂ ಬಿಡಿ ಎಂದು ಕೇಳಿದ ಜನರ ಕೇರಿಗೆ 2014ರಲ್ಲಿ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಲ್ಲಿ ಜಾತಿಯ ತಡೆ ಇರಕೂಡದೆಂದು ಸಂವಿಧಾನದ 15ನೆಯ ವಿಧಿ ಹೇಳುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿದೆ. 1950ರಿಂದ ಇದೆ. ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇವೆ. ಪಾಸಾಗಬೇಕಾದವರು ಕಟ್ಟೆಯ ಮೇಲೆ ಕೂತಿದ್ದಾರೆ.

ಹಾಗಾದರೆ ಕೋಟೆ ಕೆಡವಬೇಕೇ? ಎಂಥ ಮಾತು! ಆ ಕಲ್ಲು ನಮ್ಮವರು ಹೊತ್ತದ್ದು. ಕೆಡವಲು ಬಿಡುವವರು ನಾವಲ್ಲ. ಗಡವನ್ನು ಉಳಿಸಿ, ದಾರಿ ಮಾಡಿ, ಜನ ಬರಲಿ. ಬಂದವರಿಂದ ಊರಿನ ನೇಕಾರನ ಸೀರೆ ಮಾರಾಟವಾಗಲಿ, ಕೇರಿಯ ಹುಡುಗನಿಗೆ ಗಡ ತೋರಿಸುವ ಕೆಲಸ ಸಿಗಲಿ. ನಾವು ಕೇಳುವುದು ಬೋರ್ಡಿನ ಉಳಿದ ಅರ್ಧವನ್ನು. ಆಳಿದವರ ಪಟ್ಟಿಯ ಕೆಳಗೆ ಬರೆಯಿರಿ: ಇದನ್ನು ಕಲ್ಲು ಒಡೆದವರು, ಮಣ್ಣು ಹೊತ್ತವರು, ನೀರು ಹೊತ್ತವರು ಕಟ್ಟಿದರು, ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮಲ್ಲೂ ಒಂದು ಬೇಡಿಕೆ. ಮಕ್ಕಳನ್ನು ಗಡಕ್ಕೆ ಕರೆದೊಯ್ಯುತ್ತೀರಿ. ಇಸವಿಗಳ ಜೊತೆಗೆ ಇದನ್ನೂ ಕೇಳಿಸಿ: ಈ ಹೊಂಡ ತೋಡಿದವರು ಯಾರಿರಬೇಕು? ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬರೆದು ತನ್ನಿ ಎನ್ನಿ. ಮತ್ತೆ, ದಾರಿಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಲೋಟದಲ್ಲಿ ನೀರು ಕುಡಿಸಿ. ಯಾವ ಮಗು ಹಿಂದೆ ಸರಿಯಿತು ನೋಡಿ. ಅದಕ್ಕೆ ಅದನ್ನು ಕಲಿಸಿದವರು ಯಾರು, ಅದನ್ನೂ ನೋಡಿ.

ನಾವು ಇನ್ನೊಮ್ಮೆ ಹೋಗುತ್ತೇವೆ. ಅದೇ ಹಳ್ಳಿ, ಅದೇ ಕಟ್ಟೆ. ನೀರು ಕೇಳುತ್ತೇವೆ. ಯಾರ ಪೈಕಿ ಎಂದರೆ ಹೇಳುತ್ತೇವೆ. ಲೋಟ ಬಂದರೆ ಮುಟ್ಟುವುದಿಲ್ಲ, ಎದ್ದೂ ಹೋಗುವುದಿಲ್ಲ. ತಂಬಿಗೆ ಹೊರಗೆ ಬರುವ ತನಕ ಕಟ್ಟೆಯ ಮೇಲೆ ಕೂರುತ್ತೇವೆ.

ಬಾಯಾರಿಕೆ ತಡೆದು ನಮಗೆ ರೂಢಿ ಇದೆ.